ಕಂದೀಲು ಇಳಿಸದ ಮಧ್ಯಾಹ್ನ

ಅವತ್ತು ಕೆಡುಕು ಶುರುವಾದದ್ದು ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ. ನಮ್ಮ ಮನೆಯಲ್ಲಿ ಗೋಡೆ ಗಡಿಯಾರ ಇರಲಿಲ್ಲ. ಆದರೂ ಆ ಹೊತ್ತು ನನಗೆ ಇಷ್ಟು ಖಚಿತವಾಗಿ ಗೊತ್ತಿರುವುದು ಶರಣು ಕಾಕಾನಿಂದಾಗಿ. ಅಪ್ಪನ ತಮ್ಮನಾದ ಅವನು ಕೈಗಡಿಯಾರವನ್ನು ಸುಮ್ಮನೆ ನೋಡಿದವನೇ ಅಲ್ಲ. ನೋಡಿದಾಗೆಲ್ಲ ಗಂಟಲು ಸರಿಮಾಡಿಕೊಂಡು, ರೇಡಿಯೋದವರ ಹಾಗೆ ಓಣಿಗೆಲ್ಲ ಕೇಳುವಂತೆ ಸಾರುತ್ತಿದ್ದ. ಅವತ್ತು ಅಂಗಳದಲ್ಲಿ ಹಗೇವಿನ ಬಾಯಿಯ ಕಲ್ಲನ್ನು ಅಪ್ಪನೂ ಅವನೂ ಸೇರಿ ಸರಿಸಿದ್ದರು. ಹಗೇವು ಅಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ ಕಿರಿದು, ಒಳಗೆ ಹೊಟ್ಟೆ ಮಾತ್ರ ಒಂದು ಕೋಣೆಯಷ್ಟು ಅಗಲ. ಕಲ್ಲು ಸರಿಸಿದ ಕೂಡಲೇ ಹುಳಿಹುಳಿಯಾದ ಬೆಚ್ಚನೆಯ ವಾಸನೆ ಮೇಲೆದ್ದು ಬಂತು. ಕಾಕಾ ಮೂಗು ಮುಚ್ಚಿಕೊಂಡು ಗಡಿಯಾರ ನೋಡಿದ.

“ಸಮಯ ಈಗ ಮೂರು ಗಂಟೆ ನಲವತ್ತು ನಿಮಿಷ! ಐದರ ಬಸ್ಸಿಗಿ ಶರಣಪ್ಪನವರು ಶಹಾಪುರಕ್ಕ ದಯಮಾಡಸ್ತಾರ! ಅಷ್ಟರೊಳಗ ಜ್ವಾಳ ತಗೊಂಡವ್ರೇ ಧನ್ಯರು!”

“ಶರಣಾ, ಆ ಬಾಯಿಗಿ ಒಂದಿಷ್ಟು ಬಿಡುವು ಕೊಡೋ,” ಎಂದಳು ಅವ್ವ, ಬಾಗಿಲಲ್ಲಿ ಬುಟ್ಟಿ ಹಿಡಿದು ನಿಂತು.

“ವೈನಿ, ಈ ಬಾಯಿ ನಿಂತ್ರ ಟಾಕೀಸ್ ಬಂದ್ ಆಗ್ತದ್ರಿ.”

ಹಾಗೆಂದು ಅವನು ಚೀಲದಿಂದ ಹೊಸ ಬ್ಯಾಟರಿ ಟಾರ್ಚನ್ನು ತೆಗೆದ. ಅಲ್ಲಿಂದ ಮುಂದಿನದನ್ನು ನಾನು ಎಷ್ಟು ಸಲ ನೋಡಿದ್ದೇನೋ ಹೇಳಲಾರೆ. ಯಾದಗಿರಿಯ ಬಸ್ ನಿಲ್ದಾಣದಲ್ಲಿ ಕಾಯುತ್ತ ನಿಂತಾಗ, ಶಾಲೆಯಲ್ಲಿ ಹಾಜರಿ ಕೂಗುವಾಗ, ರೊಟ್ಟಿ ಬಡಿಯುವಾಗ ಅದು ತಾನಾಗಿ ಮೊದಲಿನಿಂದ ಶುರುವಾಗುತ್ತದೆ. ಫೋನಿನಲ್ಲಿ ಮಾತಾಡುತ್ತಿರುವವರ ದನಿ ನಡುವೆ ಕಡಿದರೆ ಇವತ್ತಿಗೂ ನನ್ನ ಕೈ ತಣ್ಣಗಾಗುತ್ತದೆ. ನೆಟ್‌ವರ್ಕ್ ಸಿಗದೆ ಕಡಿಯಿತೆಂದು ತಲೆಗೆ ತಿಳಿಯುತ್ತದೆ, ಕೈಗೆ ತಿಳಿಯುವುದಿಲ್ಲ.

ನಮ್ಮ ಮನೆ ಇದ್ದದ್ದು ಶಹಾಪುರದ ಹತ್ತಿರದ ಸಗರದಲ್ಲಿ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ. ತಲೆಬಾಗಿಲು ದಾಟಿದರೆ ಮೊದಲು ಎಮ್ಮೆ, ಆಮೇಲೆ ಎರಡು ಮೆಟ್ಟಿಲು ಮೇಲೆ ಪಡಸಾಲೆ. ಪಡಸಾಲೆಯಲ್ಲಿ ಕೂತು ಉಣ್ಣುವಾಗ ಎಮ್ಮೆ ನಮ್ಮ ಗಂಗಾಳ ನೋಡುತ್ತಲೇ ಇರುತ್ತಿತ್ತು. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲು ಒಂದು ದುಂಡನೆಯ ತುಣುಕಾಗಿ ಬಿದ್ದು, ಬೆಳಗಿನಿಂದ ಸಂಜೆಯವರೆಗೆ ಗೋಡೆ, ನೆಲದ ಮೇಲೆ ನಿಧಾನವಾಗಿ ಸರಿಯುತ್ತಿತ್ತು. ಆ ಗೋಡೆ ತುಂಬ ಸಿನಿಮಾ ಪೋಸ್ಟರುಗಳು. ಕಾಕಾ ಶಹಾಪುರದ ಟಾಕೀಸೊಂದರ ಪ್ರಚಾರದ ಜೀಪಿನಲ್ಲಿ ಮೈಕು ಹಿಡಿದು ಕೂಗುವ ಕೆಲಸದಲ್ಲಿದ್ದ. ಸಿನಿಮಾ ಬದಲಾದ ವಾರ ಹಳೆಯ ಪೋಸ್ಟರುಗಳನ್ನು ಸುರುಳಿ ಸುತ್ತಿ ಬಗಲಲ್ಲಿಟ್ಟುಕೊಂಡು ಬರುತ್ತಿದ್ದ. ಗೋಡೆಯ ಮಣ್ಣು ಉದುರುವುದು ನಿಲ್ಲುತ್ತದೆಂದು ಅವ್ವನಿಗೂ ಅವು ಬೇಕಾಗಿದ್ದವು. ಆಯಿ, ಅಂದರೆ ಅಪ್ಪನ ಅವ್ವ, ದಿನಾ ದೇವರ ಮುಂದೆ ಊದುಬತ್ತಿ ಹಚ್ಚಿದ ಮೇಲೆ ಆ ಗೋಡೆಯ ಕಡೆಗೂ ಒಂದು ಸಲ ಕೈ ಮುಗಿಯುತ್ತಿದ್ದಳು. ಅಲ್ಲಿ ಒಂದು ಪೋಸ್ಟರಿನಲ್ಲಿ ಶಿವನ ವೇಷದ ನಟನೊಬ್ಬನಿದ್ದ. ಅವನ ಪಕ್ಕದಲ್ಲೇ ಬಂದೂಕು ಹಿಡಿದವನೂ ಇದ್ದದ್ದರಿಂದ ಆ ನಮಸ್ಕಾರ ಇಬ್ಬರಿಗೂ ಸಲ್ಲುತ್ತಿತ್ತು.

ನಾನು ಓದಲು ಕಲಿತದ್ದು ಆ ಗೋಡೆಯಿಂದ. ಶಾಲೆಯ ಪುಸ್ತಕದಲ್ಲಿ ಅಕ್ಷರಗಳು ಸಣ್ಣವು, ಕಪ್ಪು, ಒಂದರ ಹಾಗೆ ಒಂದು. ಗೋಡೆಯ ಮೇಲಿನ ಅಕ್ಷರಗಳು ಕೆಂಪಾಗಿ ಉರಿಯುತ್ತಿದ್ದವು, ರಕ್ತ ಸುರಿಸುತ್ತಿದ್ದವು, ಕೆಲವಕ್ಕೆ ಮಂಜಿನ ಟೋಪಿ ಇತ್ತು. ರೊಟ್ಟಿ, ಪುಂಡಿಪಲ್ಯ ಮುಂದಿಟ್ಟುಕೊಂಡು ಕಾಕಾ ನನಗೂ ತಂಗಿ ಗೌರಿಗೂ ‘ರಕ್ತ ಸುರಿಸೋ ರ ಎಲ್ಲದ?’ ಎಂದು ಕೇಳುತ್ತಿದ್ದ. ನಾವು ತುತ್ತು ಬಾಯಲ್ಲಿಟ್ಟುಕೊಂಡೇ ಎದ್ದು ಓಡಿ ಗೋಡೆ ಮುಟ್ಟಬೇಕು. ಮೊದಲು ಮುಟ್ಟಿದವರಿಗೆ ಅವನ ಪಾಲಿನ ಶೇಂಗಾ ಹಿಂಡಿ. ಗೌರಿ ನನಗಿಂತ ನಾಲ್ಕು ವರ್ಷ ಸಣ್ಣವಳು. ಇನ್ನೂ ಶಾಲೆಗೆ ಹೆಸರು ಹಚ್ಚದಿದ್ದಾಗಲೇ ಅವಳಿಗೆ ಗೋಡೆಯ ಎಲ್ಲ ಅಕ್ಷರ ಬರುತ್ತಿದ್ದವು. ಮಗ್ಗಿಯೂ ಹಾಗೆಯೇ. ಏಳರ ಮಗ್ಗಿ ನನಗೆ ಹತ್ತುತ್ತಲೇ ಇರಲಿಲ್ಲ. ಅಪ್ಪ ಬೆತ್ತ ಹಿಡಿದು ಕೂತರೆ ಬರುತ್ತಿದ್ದದ್ದೂ ಮರೆಯುತ್ತಿತ್ತು. ಒಂದು ಸಂಜೆ ಕಾಕಾ ಹಿತ್ತಾಳೆಯ ತಂಬಿಗೆಯನ್ನು ಮೈಕಿನ ಹಾಗೆ ಬಾಯಿಗೆ ಹಿಡಿದು, ಪಡಸಾಲೆಯ ಅಂಚಿಗೆ ಬಂದು ನಿಂತ.

“ಮಹಾಜನರೇ! ನಿಮ್ಮ ನೆಚ್ಚಿನ ಸಗರದಲ್ಲಿ, ಇಂದಿನಿಂದ ಭರ್ಜರಿ ಪ್ರದರ್ಶನ! ಏಳೇಳಲೇ ನಲವತ್ತೊಂಬತ್ತು! ಏಳೆಂಟಲೇ...”

ಅಲ್ಲಿ ನಿಲ್ಲಿಸಿಬಿಟ್ಟ. ಮುಖದಲ್ಲಿ ಏನೂ ಇಲ್ಲ. ಎಮ್ಮೆ ಕೂಡ ಅವನ ಕಡೆಗೇ ನೋಡುತ್ತಿತ್ತು.

“ಐವತ್ತಾರು!” ಎಂದು ನಾನು ಕಿರುಚಿದೆ.

“ಶಾಭಾಸ್! ಈ ಹುಡುಗಿಗಿ ಒಂದು ಟಿಕೇಟ್ ಫ್ರೀ!”

ಅದು ನಮ್ಮ ಮನೆಯ ಆಟವಾಯಿತು. ಕಾಕಾ ಯಾವ ಮಾತನ್ನಾದರೂ ನಡುವೆ ನಿಲ್ಲಿಸಬಹುದು; ಉಳಿದದ್ದನ್ನು ನಾವು ಮುಗಿಸಬೇಕು. ಮುಗಿಸುವವರೆಗೂ ಅವನು ಕಂಬದ ಹಾಗೆ ನಿಲ್ಲುತ್ತಿದ್ದ, ಉಸಿರೂ ಬಿಡುತ್ತಿರಲಿಲ್ಲ. ಜೀಪಿನಲ್ಲಿ ಅವನು ದಿನಾ ಕೂಗುವ ಕೊನೆಯ ಸಾಲು ‘ನೋಡಲು ಮರೆಯದಿರಿ, ಮರೆತು ನಿರಾಶರಾಗದಿರಿ’ ಎಂದು. ಅದು ಗೌರಿಯ ಪಾಲಿನ ಸಾಲು. ‘ಮರೆತು’ ಎಂದು ಅವನು ನಿಲ್ಲಿಸಿದರೆ, ಎಲ್ಲಿದ್ದರೂ ಓಡಿ ಬಂದು ಉಳಿದದ್ದನ್ನು ಅವಳೇ ಕೂಗಬೇಕು. ನಾನು ಬಾಯಿ ಹಾಕಿದರೆ ಅಳುತ್ತಿದ್ದಳು. ಅಪ್ಪ ಇದನ್ನೆಲ್ಲ ದೂರದಿಂದ ನೋಡಿ ‘ಇವ ಹುಡುಗ್ರನ್ನ ಕೆಡಸಾಕತ್ತಾನ’ ಅನ್ನುತ್ತಿದ್ದ. ಆದರೆ ನನ್ನ ಏಳರ ಮಗ್ಗಿ ಸರಾಗವಾದ ದಿನ ಬೆತ್ತವನ್ನು ಮಾಳಿಗೆಯ ಜಂತಿಯಲ್ಲಿ ಸಿಕ್ಕಿಸಿದವನು ಮತ್ತೆ ತೆಗೆಯಲಿಲ್ಲ.

ನಮ್ಮ ಮನೆಯಲ್ಲಿ ಆಟವಾಗದೆ ಉಳಿದ ಕೆಲಸ ಒಂದೇ, ಹಗೇವು ತೆರೆಯುವುದು. ಅದು ಮುತ್ತ್ಯಾನ ಕೆಲಸ. ಅಜ್ಜನನ್ನು ನಾವು ಕರೆಯುತ್ತಿದ್ದದ್ದು ಹಾಗೆ. ಮುತ್ತ್ಯಾ ಹಿಂದಿನ ದಿನವೇ ಕಲ್ಲು ಸರಿಸಿ ಬಾಯಿಯನ್ನು ತೆರೆದು ಬಿಡುತ್ತಿದ್ದ. ಮರುದಿನ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಕಂದೀಲು ಹಚ್ಚಿ ಹಗ್ಗಕ್ಕೆ ಕಟ್ಟಿ, ತಳ ಮುಟ್ಟುವವರೆಗೆ ಇಳಿಸಿ ಒಂದಿಷ್ಟು ಹೊತ್ತು ಹಾಗೇ ಹಿಡಿದು ನಿಲ್ಲುತ್ತಿದ್ದ. ಆಮೇಲೆ ಮೇಲೆ ಎಳೆದು ದೀಪ ನೋಡಿ, ‘ಹ್ಞೂ, ಇಳೀರಿ’ ಅನ್ನುತ್ತಿದ್ದ. ಆ ಹೊತ್ತಿನಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಮಕ್ಕಳು ಹತ್ತಿರ ಸುಳಿದರೆ ‘ಬದಿಗಿ ಸರೀರಿ’ ಎಂದು ಗದರುತ್ತಿದ್ದ. ಅಪ್ಪ, ಕಾಕಾ ಸಣ್ಣವರಿದ್ದಾಗಲೂ ಹಾಗೆಯೇ ಗದರಿಸಿಕೊಂಡವರು. ಪ್ರತಿ ಸಲವೂ ಕಂದೀಲು ಉರಿಯುತ್ತಲೇ ಮೇಲೆ ಬಂದದ್ದರಿಂದ, ಅದು ತಳ ನೋಡಲೆಂದು ಇಳಿಸುವ ಬೆಳಕು ಎಂದೇ ಅವರು ತಿಳಿದಿದ್ದರು. ಮುತ್ತ್ಯಾ ತೀರಿಕೊಂಡ ಮೇಲೆ ಹಗೇವು ತೆರೆದದ್ದು ಅವತ್ತೇ ಮೊದಲು. ಆ ಮಳೆಗಾಲ ಬಾಯಿಯ ಮಣ್ಣು ಬಿರುಕು ಬಿಟ್ಟು ಒಳಗೆ ನೀರು ಇಳಿದಿತ್ತು. ಜೋಳ ಕೆಡುವ ಮೊದಲು ತೆಗೆಯಬೇಕೆಂಬ ಅವಸರ ಅಪ್ಪನಿಗೆ, ಬಸ್ಸಿನ ಅವಸರ ಕಾಕಾನಿಗೆ.

ಆಯಿ ಮಾತ್ರ ಕಂದೀಲಿನ ಗಾಜು ಒರೆಸಿ ಕಟ್ಟೆಯ ಮೇಲೆ ತಂದಿಟ್ಟಿದ್ದಳು.

“ಮದ್ಲ ಕಂದೀಲ ಇಳಸ್ರೋ.”

“ಯವ್ವಾ, ಇದರ ಮುಂದ ನಿನ್ನ ಕಂದೀಲ ಮಿಣಕ್ ಹುಳ,” ಎಂದು ಕಾಕಾ ಟಾರ್ಚನ್ನು ಆಯಿಯ ಮುಖಕ್ಕೇ ಬಿಟ್ಟ. “ಸುರಪುರದ ಸಂತ್ಯಾಗ ತಂದೀನಿ. ತಳದಾಗಿನ ಕಾಳು ಕಾಳೂ ಕಾಣ್ತದ.”

“ಬೆಳಕಿಗಲ್ಲೋ ಅದು.”

“ಮತ್ತ್ಯಾತಕ್ಕ?”

ಆಯಿ ಬಾಯಿ ತೆರೆದಳು. ಏನೋ ಹೇಳಬೇಕೆಂದು ಅವಳ ಕೈ ಮೇಲೆದ್ದದ್ದು ನನಗೆ ಕಾಣುತ್ತದೆ. “ನಿಮ್ಮಪ್ಪ ಹಂಗ ಮಾಡ್ತಿದ್ದ,” ಎಂದಳು ಕೊನೆಗೆ.

ಅಪ್ಪ ಟಾರ್ಚನ್ನು ಹಗ್ಗಕ್ಕೆ ಕಟ್ಟಿ ಇಳಿಸಿದ. ಹಗೇವಿನೊಳಗೆ ಹಗಲಾಯಿತು. ಟಾರ್ಚು ತಳದ ಜೋಳದ ಮೇಲೆ ಕೂತು ನಿಶ್ಚಿಂತೆಯಿಂದ ಉರಿಯುತ್ತಿತ್ತು. ಕಾಕಾ ಅಂಗಿ ಕಳಚಿ, ಬಾಯಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ನಮ್ಮ ಕಡೆ ನೋಡಿ ಕಣ್ಣು ಹೊಡೆದ. ನಾನೂ ಗೌರಿಯೂ ಕಟ್ಟೆಯ ಮೇಲಿದ್ದೆವು. “ಹಗೇವು ಟಾಕೀಸಿನಾಗ ಇವತ್ತು ಮ್ಯಾಟ್ನಿ!” ಎಂದವನೇ ಗೋಡೆಯ ತೂತುಗಳಲ್ಲಿ ಕಾಲಿಟ್ಟು ಸರಸರ ಇಳಿದ. ಒಳಗಿನಿಂದ ಅವನ ದನಿ ದೊಡ್ಡದಾಗಿ, ಗುಡಿಯ ಗಂಟೆಯ ಹಾಗೆ ಗುಂಯ್‌ಗುಟ್ಟುತ್ತ ಬಂತು. “ನೋಡಲು ಮರೆಯದಿರಿ, ಮರೆತು...”

ನಿಂತಿತು.

ಗೌರಿ ಕಟ್ಟೆಯಿಂದ ಜಿಗಿದು ಹಗೇವಿನ ಕಡೆ ಓಡಿದಳು. “ನಿರಾಶರಾಗದಿರಿ!” ಎಂದು ಎರಡೂ ಕೈಯಲ್ಲಿ ಚಪ್ಪಾಳೆ ಹೊಡೆದಳು. ನಾವೆಲ್ಲ ನಕ್ಕೆವು. ಶಾಭಾಸ್ ಬರಲಿ ಎಂದು ಕಾದೆವು. ಬರಲಿಲ್ಲ. ಆಟ ಇನ್ನೂ ಬಿಗಿಯಾಗುತ್ತಿದೆ ಎಂದುಕೊಂಡೆವು. ಗೌರಿ ಇನ್ನೊಂದು ಸಲ, ಇನ್ನೂ ಜೋರಾಗಿ ಕೂಗಿದಳು. “ಶರಣಾ, ಸಾಕೋ ನಿನ್ನ ಆಟ, ಬುಟ್ಟಿ ತುಂಬು,” ಎಂದು ಅವ್ವ ನಗುತ್ತಲೇ ಹೇಳಿದಳು. ಗೌರಿ ಮೂರನೇ ಸಲ ಕೂಗಿದಾಗ ಅವಳ ದನಿಯಲ್ಲಿ ಅಳು ಬೆರೆತಿತ್ತು. ತಾನು ತಪ್ಪು ಹೇಳಿದೆನೇನೋ ಎಂಬಂತೆ ನನ್ನ ಮುಖ ನೋಡಿದಳು. ಅಷ್ಟು ಹೊತ್ತು. ಆ ಹೊತ್ತಿನಲ್ಲೇ ನನ್ನ ಮನಸ್ಸು ಇವತ್ತಿಗೂ ಸುತ್ತುತ್ತದೆ. ಅವನು ಸುಮ್ಮನಿರುವುದನ್ನು ಅಷ್ಟು ಚೆನ್ನಾಗಿ ಆಡುತ್ತಿದ್ದನಲ್ಲ, ಅದರಿಂದಾಗಿ ನಮಗೆ ಆ ಮೌನ ಬೇರೆಯದು ಎಂದು ತಿಳಿಯಲಿಲ್ಲ. ಅಪ್ಪ ಬಗ್ಗಿ ನೋಡಿದ. ಕಾಕಾ ಜೋಳದ ಮೇಲೆ ಬೋರಲು ಬಿದ್ದಿದ್ದ. ಪಕ್ಕದಲ್ಲಿ ಟಾರ್ಚು ಮೊದಲಿನಷ್ಟೇ ಪ್ರಖರವಾಗಿ ಉರಿಯುತ್ತಿತ್ತು.

ಅಪ್ಪ ಕಾಲು ಇಳಿಬಿಟ್ಟಾಗಿತ್ತು. ಅವ್ವನ ಕೂಗು ಕೇಳಿ ಪಕ್ಕದ ಮನೆಯಿಂದ ಓಡಿ ಬಂದ ಮಹಬೂಬ ಚಾಚಾ ಹಿಂದಿನಿಂದ ಅವನ ಸೊಂಟ ಹಿಡಿದು ನೆಲಕ್ಕೆ ಕೆಡವಿದ.

“ಬಿಡೋ ನನ್ನ! ನನ್ನ ತಮ್ಮ ಅದಾನ ಒಳಗ!”

“ಚಂದ್ರಣ್ಣಾ, ನೀ ಇಳದ್ರ ನೀನೂ ಹೊಳ್ಳಿ ಬರಂಗಿಲ್ಲ! ಗಾಳಿ ಕೆಟ್ಟದ ಒಳಗ! ಗಾಳಿ ಆಡಲಿ ಮದ್ಲ!”

ಬೇವಿನ ಟೊಂಗೆಗಳನ್ನು ಕಡಿದು ತಂದರು. ಹಗ್ಗಕ್ಕೆ ಕಟ್ಟಿ ಹಗೇವಿನೊಳಗೆ ಇಳಿಸಿದರು, ಎಳೆದರು, ಇಳಿಸಿದರು. ಕೊಡಗಟ್ಟಲೆ ನೀರು ಸುರಿದರು. ಅಪ್ಪನನ್ನು ನಾಲ್ಕು ಜನ ಹಿಡಿದುಕೊಂಡಿದ್ದರು. ಕಟ್ಟೆಯ ಮೇಲಿನ ಕಂದೀಲನ್ನು ಯಾರೋ ಹಚ್ಚಿ ಇಳಿಸಿದಾಗ ಅದು ಅರ್ಧಕ್ಕೇ ಆರಿಹೋಯಿತು. ಮತ್ತೆ ಟೊಂಗೆ ಆಡಿಸಿದರು. ಕೊನೆಗೆ ದೀಪ ಉಳಿದಾಗ ಚಾಚಾ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ತಾನೇ ಇಳಿದ. ಕಾಕಾನನ್ನು ಮೇಲೆ ತಂದು ಅಂಗಳದಲ್ಲಿ ಮಲಗಿಸಿದಾಗ ಅವನ ಕೆನ್ನೆಗೆ ಜೋಳದ ಕಾಳು ಅಂಟಿಕೊಂಡಿದ್ದವು. ಆಯಿ ಅವುಗಳನ್ನು ಒಂದೊಂದಾಗಿ ಬಿಡಿಸಿದಳು. ಐದರ ಬಸ್ಸು ಹಾರ್ನ್ ಹೊಡೆಯುತ್ತ ಊರು ದಾಟಿ ಹೋಯಿತು. ಟಾರ್ಚನ್ನು ಯಾರೂ ತೆಗೆಯಲಿಲ್ಲ. ಅದು ಹಗೇವಿನೊಳಗೆ ಉರಿದು ಉರಿದು, ಹಳದಿಯಾಗಿ, ತಾನಾಗಿ ಆರಿತು.

ದಿನಕರ್ಮ ಮುಗಿದ ಮೇಲೆ ಅಪ್ಪ ಹಗೇವಿಗೆ ಮಣ್ಣು ತುಂಬಿಸಿದ. ಆಮೇಲೆ ಕಳೆ ಕೀಳುವ ಕುರ್ಪಿ ಹಿಡಿದು ಪಡಸಾಲೆಯ ಗೋಡೆಯ ಮುಂದೆ ಕೂತ. ಒಂದು ಇಡೀ ದಿನ ಪೋಸ್ಟರುಗಳನ್ನು ಕೆರೆದ. ಕೆಂಪು ಅಕ್ಷರಗಳು ಚೂರಾಗಿ ಅವನ ತೊಡೆಯ ಮೇಲೆ ಉದುರಿದವು. ಕಾಗದದೊಂದಿಗೆ ಗೋಡೆಯ ಮಣ್ಣೂ ಕಿತ್ತು ಬಂತು. ಅವ್ವ ಬೇಡ ಅನ್ನಲು ಹೋದಳು.

“ಆಟ ಆಟ ಅಂತ ಜೀವಾನೇ ಹೋತು. ಅಂವ ಆಟಕ್ಕಂತ ಸುಮ್ಮಾಗಾಂವ ಇರ್ಲಿಲ್ಲಂದ್ರ ಸುಮ್ಮಾದ ಕೂಡ್ಲೇ ತಿಳೀತಿತ್ತು ನಮಗ. ಇನ್ನ ಈ ಮನ್ಯಾಗ ಆಟಿಲ್ಲ, ಹಾಡಿಲ್ಲ.”

ಟಾರ್ಚಿನ ಮಾತನ್ನು ಅವನು ಎತ್ತಲಿಲ್ಲ. ಯಾರೂ ಎತ್ತಲಿಲ್ಲ. ತಾನೇ ಹಗ್ಗಕ್ಕೆ ಕಟ್ಟಿ ಇಳಿಸಿದ ಟಾರ್ಚು ಅದು. ಅದನ್ನು ನೆನೆಯುವುದಕ್ಕಿಂತ ಆಟವನ್ನು ಬೈಯುವುದು ಅವನಿಗೆ ಸುಲಭವಾಗಿತ್ತು ಎಂದು ನನಗೆ ಈಗ ಅರ್ಥವಾಗುತ್ತದೆ. ಆಗ ನನಗೂ ಅವನ ಮಾತು ಖರೆ ಅನ್ನಿಸಿತ್ತು.

ಗೌರಿ ಮಾತು ಬಿಟ್ಟದ್ದು ನಮಗೆ ಕೂಡಲೇ ತಿಳಿಯಲಿಲ್ಲ. ಆ ದಿನಗಳಲ್ಲಿ ಯಾರು ತಾನೆ ಮಾತಾಡುತ್ತಿದ್ದರು. ಬಂದವರು ಹೋದ ಮೇಲೆ, ಅವಳು ನೀರು ಬೇಕಾದರೆ ಕೊಡದ ಕಡೆ ಬೆರಳು ಮಾಡುವುದನ್ನು ಅವ್ವ ಕಂಡಳು. ಹೆದರಿಸಿ ನೋಡಿದರು, ಮುದ್ದು ಮಾಡಿ ನೋಡಿದರು. ದರ್ಗಾಕ್ಕೆ ಒಯ್ದು ನವಿಲುಗರಿ ಆಡಿಸಿಕೊಂಡು ಬಂದರು. ಯಾದಗಿರಿಯ ಡಾಕ್ಟರು ಬಾಯಿ ತೆರೆಸಿ ನೋಡಿ, ಗಂಟಲಲ್ಲಿ ಏನೂ ಇಲ್ಲ ಎಂದರು. ಶಾಲೆಯಲ್ಲಿ ಹೆಸರು ಹಚ್ಚುವ ವರ್ಷ ಅದು. ಹಲಗೆಯ ಮೇಲೆ ಬರೆದ ‘ರ’ ತೋರಿಸಿ ಇದೇನು ಎಂದು ಮಾಸ್ತರರು ಕೇಳಿದರೆ, ಗೋಡೆಯ ತುಂಬ ಅಕ್ಷರ ಗುರುತಿಸುತ್ತಿದ್ದ ಹುಡುಗಿ ನೆಲ ನೋಡುತ್ತ ನಿಂತಳು. “ಇವಳಿಗಿ ಮೂಕರ ಶಾಲಿ ನೋಡ್ರಿ. ಬರೋ ವರ್ಷದ ಹೊತ್ತಿಗಾದ್ರೂ ಬಾಯಿ ಬಿಡ್ಲಿಲ್ಲಂದ್ರ ನಾವು ಸೇರಿಸ್ಕೊಳ್ಳಾಕ ಆಗಂಗಿಲ್ಲ,” ಎಂದು ಅವರು ಅಪ್ಪನಿಗೆ ಹೇಳಿ ಕಳಿಸಿದರು. ಮನೆಗೆ ಬರುವ ದಾರಿಯಲ್ಲಿ ಅಪ್ಪ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆದ.

ರಾತ್ರಿ ಯಾರಿಗೂ ನಿದ್ದೆ ಇರಲಿಲ್ಲ. ದೀಪ ಆರಿಸಿದ ಮೇಲೆ ಗೌರಿ ಎದ್ದು ಕೂತು ಕಿವಿಗೊಟ್ಟು ಆಲಿಸುತ್ತಿದ್ದಳು. ಅವಳು ಎದ್ದಳೆಂದು ಅವ್ವ ಏಳುತ್ತಿದ್ದಳು, ಅವ್ವ ಎದ್ದಳೆಂದು ಆಯಿ. ಅಪ್ಪ ಅಂಗಳಕ್ಕೆ ಹೋಗಿ ಬೀಡಿ ಸೇದುತ್ತಿದ್ದ. ನಾನು ಕತ್ತಲಲ್ಲಿ ಒಬ್ಬೊಬ್ಬರ ಉಸಿರನ್ನೂ ಕೇಳುತ್ತ ಮಲಗಿರುತ್ತಿದ್ದೆ. ಯಾರದಾದರೂ ಉಸಿರು ಒಂದು ಕ್ಷಣ ತಡೆದರೆ ನನ್ನದೂ ತಡೆಯುತ್ತಿತ್ತು. ನಸುಕಿಗೆ ಮುಂಚೆಯೇ ನಮ್ಮ ತಲೆಬಾಗಿಲು ತೆರೆದಿರುತ್ತಿತ್ತು. ಮಲಗಲಾರದವರಿಗೆ ಬಾಗಿಲು ಮುಚ್ಚಿ ಏನು ಮಾಡುವುದಿತ್ತು?

ಈಗ ನಾನು ಸುರಪುರದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನನ್ನ ತರಗತಿಯ ಮಕ್ಕಳು ಮೊಬೈಲಿನಲ್ಲಿ ಕೇಳಿದ ಹಾಡಿನ ಧಾಟಿಗೆ ಮಗ್ಗಿ ಕಟ್ಟುತ್ತಾರೆ, ಹೀರೋನ ನಡಿಗೆಯಲ್ಲಿ ಬಂದು ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತಾರೆ. ಪಕ್ಕದ ಕೋಣೆಯ ಮಾಸ್ತರರು ಬಾಗಿಲಲ್ಲಿ ಇಣುಕಿ ‘ಮೇಡಂ, ಇದು ಕ್ಲಾಸೋ ಟಾಕೀಸೋ?’ ಎಂದರೆ ‘ಎರಡೂ ಅದ್ರಿ ಸರ್, ಟಿಕೇಟ್ ತಗೊಂಡು ಬರ್ರಿ’ ಅನ್ನುತ್ತೇನೆ. ವರ್ಷಕ್ಕೊಮ್ಮೆ ಮೇಣದಬತ್ತಿ ಹಚ್ಚಿ ಅದರ ಮೇಲೆ ಗಾಜಿನ ಲೋಟ ಬೋರಲು ಹಾಕಿಸುತ್ತೇನೆ. ಯಾರ ದೀಪ ಕೊನೆಗೆ ಆರುತ್ತದೆ ಎಂದು ಮಕ್ಕಳು ಪಂತ ಕಟ್ಟುತ್ತಾರೆ, ಗದ್ದಲ ಮಾಡುತ್ತಾರೆ, ಇನ್ನೊಮ್ಮೆ ಇನ್ನೊಮ್ಮೆ ಅನ್ನುತ್ತಾರೆ. ದೀಪ ಆರಿದ ಕಡೆ ಮನುಷ್ಯನೂ ಇರಲಾರ ಎಂಬುದು ಅವರಿಗೆ ನಾನು ಹೇಳದೆಯೇ ತಿಳಿಯುತ್ತದೆ. ಕಾಕಾ ಆಟದಲ್ಲಿ ಕಲಿಸಿದ ಒಂದಕ್ಷರವೂ ನನ್ನಿಂದ ಹೋಗಿಲ್ಲ. ಮುತ್ತ್ಯಾ ಕೂಡ ಒಂದು ಸಲ ನಮ್ಮನ್ನು ಬದಿಗೆ ಸರಿಸದೆ, ಆ ಕಂದೀಲನ್ನು ಕೈಗೆ ಕೊಟ್ಟು ‘ಆರಿಸಿ ನೋಡ್ರಿ’ ಅಂದಿದ್ದರೆ! ಕಂದೀಲು ಎಲ್ಲಿ ಆರುತ್ತದೆ ಎಂದು ನೋಡುವ ಆಟ ಆಡದೆ ಕಾಕಾ ಬಿಡುತ್ತಿದ್ದನೇ? ಅಷ್ಟು ಗಂಭೀರವಾಗಿ, ಅಷ್ಟು ಭಕ್ತಿಯಿಂದ ಕಾಯ್ದುಕೊಂಡು ಬಂದದ್ದರ ಅರ್ಥ ಒಂದೇ ತಲೆಮಾರಿನಲ್ಲಿ ಕಳೆದುಹೋಯಿತು. ಲೋಟ ಎತ್ತಿಡುವಾಗ ಪ್ರತಿ ಸಲ ನನಗೆ ಇದೇ ನೆನಪು. ಮಕ್ಕಳಿಗೆ ಇದನ್ನು ಹೇಳಿಲ್ಲ.

ಗೌರಿ ಮಾತು ಬಿಟ್ಟ ಮೇಲಿನ ಬೇಸಿಗೆಯಲ್ಲಿ ಒಂದು ಸಂಜೆ ಅವ್ವ ಹಿತ್ತಲಲ್ಲಿ ಸಗಣಿ ತಟ್ಟಲು ಹೋದವಳು ಚೀರಿಕೊಂಡಳು. ನಾನೂ ಆಯಿಯೂ ಓಡಿದೆವು. ಗೌರಿ ಬಾಯಿ ಒಡೆದ ಹಳೆಯ ಗಡಿಗೆಯೊಂದನ್ನು ನೆಲದಲ್ಲಿ ಕುತ್ತಿಗೆಯವರೆಗೆ ಹೂತಿದ್ದಳು. ಅಪ್ಪ ಕೆರೆದ ಪೋಸ್ಟರಿನ ಚೂರುಗಳನ್ನು ಅವ್ವ ಕೋಳಿ ಕಾವು ಕೂರುವ ಬುಟ್ಟಿಗೆ ತುಂಬಿಟ್ಟಿದ್ದಳು. ಅದರಿಂದ ಒಬ್ಬ ಗಂಡಸಿನ ಚಿತ್ರ ಹರಿದು ತೆಗೆದು, ರಟ್ಟಿಗೆ ಅಂಟಿಸಿ, ದಾರ ಕಟ್ಟಿದ್ದಳು. ಅದನ್ನು ಗಡಿಗೆಯೊಳಗೆ ಇಳಿಸುವುದು, ಕಿವಿಗೊಡುವುದು, ಬೇವಿನ ಕಡ್ಡಿ ಆಡಿಸುವುದು, ಮೇಲೆ ಎಳೆಯುವುದು. ಅವನನ್ನು ನೆಲದ ಮೇಲೆ ಮಲಗಿಸಿ, ಮುಖ ಒರೆಸಿ, ಮತ್ತೆ ಇಳಿಸುವುದು. ಅವ್ವ ಅವಳ ರಟ್ಟೆ ಹಿಡಿದು ಎಳೆದು ಬೆನ್ನ ಮೇಲೆ ಒಂದು ಏಟು ಹಾಕಿದಳು.

“ಏನ್ ಆಟ ಬೇ ಇದು? ಸತ್ತವ್ರನ್ನ ಆಡಸ್ತಿ?”

ಗೋಡೆಯ ಆಚೆಯಿಂದ ರಬಿಯಾ ಖಾಲಾ, ಮಹಬೂಬ ಚಾಚಾನ ಹೆಂಡತಿ, ಇಣುಕಿದಳು. “ಹೊಡೀಬ್ಯಾಡವ್ವಾ. ಬಚ್ಚಿ ಖೇಲತಿ ತೋ ಖೇಲನೇ ದೇವ್, ಆಡಲಿ ಬಿಡು. ಅದರ ಬಾಯಾಗ ಮಾತಿಲ್ಲ, ಕೈಯಾಗರೆ ಇರ್ಲಿ.”

“ಅವರಪ್ಪ ನೋಡಿದ್ರ ಕೊಂದ ಹಾಕ್ತಾನ, ಖಾಲಾ.”

“ನನ್ನ ಕೊಲ್ಲಲಿ ಮದ್ಲ,” ಎಂದಳು ಆಯಿ. ಮಗನನ್ನು ಕಳೆದುಕೊಂಡ ಮೇಲೆ ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವಳು ಗಡಿಗೆಯ ಪಕ್ಕ ಕೂತು, ಬಿದ್ದ ದಾರವನ್ನು ಎತ್ತಿ ಮೊಮ್ಮಗಳ ಕೈಗೆ ಕೊಟ್ಟಳು.

ಆಮೇಲಿನ ದಿನಗಳಲ್ಲಿ ಗೌರಿ ಬೆಳಗ್ಗೆ ಎದ್ದರೆ ಅಲ್ಲಿಗೇ. ಅಪ್ಪ ಹೊಲದಿಂದ ಬರುವ ಹೊತ್ತಿಗೆ ಆಯಿ ಅವಳನ್ನು ಒಳಗೆ ಕರೆತರುತ್ತಿದ್ದಳು. ಒಂದು ದಿನ ಅಪ್ಪ ಹೊತ್ತಿಗೆ ಮುಂಚೆ ಬಂದ. ಮೇವು ಇಳಿಸಲು ಹಿತ್ತಲಿಗೆ ಹೋದವನು ಅಲ್ಲೇ ನಿಂತುಬಿಟ್ಟ. ನಾನು ಬಾಗಿಲ ಸಂದಿಯಲ್ಲಿ ನೋಡುತ್ತಿದ್ದೆ. ಅವನ ಕೈಯಲ್ಲಿದ್ದ ಮೇವಿನ ಹೊರೆ ನಿಧಾನಕ್ಕೆ ಕೆಳಗೆ ಜಾರಿತು. ಗೌರಿ ತಲೆ ಎತ್ತಿ ಅವನನ್ನು ನೋಡಿದಳು, ಓಡಲಿಲ್ಲ. ಕಾಗದದ ಮನುಷ್ಯ ಅವಳ ಕೈಯಲ್ಲಿ ತೂಗಾಡುತ್ತಿದ್ದ. ಅವಳು ದಾರವನ್ನು ಅವನ ಕಡೆ ಚಾಚಿದಳು.

ಅಪ್ಪ ಕುಕ್ಕರಗಾಲಲ್ಲಿ ಕೂತ. ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ಆಟ ಆಡಿ ಎಷ್ಟು ಕಾಲವಾಗಿತ್ತೋ. ದಪ್ಪ ಬೆರಳುಗಳಲ್ಲಿ ದಾರ ಹಿಡಿದು, ಅವಳ ಮುಖ ನೋಡುತ್ತ, ಅದನ್ನು ಗಡಿಗೆಯೊಳಗೆ ಬಿಡತೊಡಗಿದ. ಗೌರಿ ಥಟ್ಟನೆ ಅವನ ಮಣಿಕಟ್ಟು ಹಿಡಿದಳು.

“ತಡಿ.”

ಗಂಟಲು ಕಟ್ಟಿದ, ಒಣಗಿದ ದನಿ. ನನಗೆ ಮೊದಲು ಅದು ಯಾರದೆಂದು ಗೊತ್ತಾಗಲಿಲ್ಲ.

“ತಡಿ, ಅಪ್ಪಾ. ಈಗ್ಲೇ ಬಿಡಬ್ಯಾಡ. ಗಾಳಿ ಆಡಲಿ ಮದ್ಲ.”

ಹೇಳಿ, ಬೇವಿನ ಕಡ್ಡಿ ತೆಗೆದುಕೊಂಡು ಗಡಿಗೆಯೊಳಗೆ ಶ್ರದ್ಧೆಯಿಂದ ಆಡಿಸತೊಡಗಿದಳು. ಅಪ್ಪ ದಾರ ಹಿಡಿದ ಕೈಯನ್ನು ಹಾಗೆಯೇ ಗಾಳಿಯಲ್ಲಿ ಇಟ್ಟುಕೊಂಡಿದ್ದ. ಅವನ ಭುಜ ಅಲುಗುವುದು ನನಗೆ ಕಂಡಿತು. “ಹ್ಞೂ ಯವ್ವಾ, ಆಡಲಿ,” ಎಂದ. “ನಾ ಅವತ್ತ ತಡೀಬೇಕಿತ್ತು. ಅವಸರ ಮಾಡಿದ್ನಿ. ನಾನ ಇಳಿಸಿದ್ನಿ ಆ ಬ್ಯಾಟರಿ.” ಆರು ವರ್ಷದ ಹುಡುಗಿಗೆ ಅವನು ಅದನ್ನು ಹೇಳಿದ, ದೊಡ್ಡವರಿಗೆ ಯಾರಿಗೂ ಹೇಳದ್ದನ್ನು. ಆಮೇಲೆ ಅತ್ತ. ತಮ್ಮನನ್ನು ಮಣ್ಣು ಮಾಡುವಾಗಲೂ ಅಳದವನು, ಗಡಿಗೆಯ ಅಂಚು ಹಿಡಿದುಕೊಂಡು ಬಾಯಿಬಿಟ್ಟು ಅತ್ತ. ಒಳಗಿನಿಂದ ಅವ್ವ ಓಡಿ ಬಂದಳು, ಆಯಿ ಬಂದಳು, ನಾನೂ ಹೋದೆ. ಗೌರಿ ಎಲ್ಲರನ್ನೂ ಒಮ್ಮೆ ನೋಡಿ, ಆಟ ಕೆಡಬಾರದೆಂಬಂತೆ ಕಡ್ಡಿ ಆಡಿಸುತ್ತಲೇ ಇದ್ದಳು.

“ಸಾಕಿನ್ನ. ಈಗ ಬಿಡು,” ಎಂದಳು.

ಅವನು ಬಿಟ್ಟ. ನಾವೆಲ್ಲ ಗಡಿಗೆಯ ಸುತ್ತ ಕೂತೆವು. ಕಾಗದದ ಮನುಷ್ಯನನ್ನು ಎಷ್ಟು ಸಲ ಇಳಿಸಿ ಎಷ್ಟು ಸಲ ಮೇಲೆ ತಂದೆವೋ. ಕತ್ತಲಾಗುವವರೆಗೆ ಆಡಿದೆವು. ಯಾರೂ ನಗಲಿಲ್ಲ. ಆ ರಾತ್ರಿ ಊಟಕ್ಕೆ ಬರೀ ನೆನೆಸಿದ ಚುರುಮುರಿಯ ಸುಸಲಾ. ರೊಟ್ಟಿ ಬಡಿಯಲು ಅವ್ವನ ಕೈಯಲ್ಲಿ ಬಲ ಉಳಿದಿರಲಿಲ್ಲ. ಉಂಡ ಗಂಗಾಳಗಳನ್ನೂ ತೊಳೆಯದೆ, ಪಡಸಾಲೆಯಲ್ಲಿ ಒಂದೇ ಜಮಖಾನೆಯ ಮೇಲೆ ಅಡ್ಡಾದೆವು. ಅಪ್ಪನ ಉಸಿರು, ಆಯಿಯದು, ಅವ್ವನದು ಎಂದು ನಾನು ಎಂದಿನಂತೆ ಕೇಳಲು ಶುರು ಮಾಡಿದೆ. ಗೌರಿಯ ಉಸಿರಿನವರೆಗೆ ಹೋದ ನೆನಪಿಲ್ಲ.

ಬಾಗಿಲು ದಬದಬ ಬಡಿಯುವ ಸದ್ದಿಗೆ ಕಣ್ಣು ತೆರೆದಾಗ ಕೊಟ್ಟಿಗೆಯಲ್ಲಿ ಎಮ್ಮೆ ಒಂದೇ ಸಮನೆ ಒದರುತ್ತಿತ್ತು. ಬೆಳಕಿಂಡಿಯ ಬಿಸಿಲು ಗೋಡೆಯಿಂದ ನೆಲಕ್ಕೆ ಇಳಿದಾಗಿತ್ತು. ಅವ್ವ ತಡಬಡಿಸಿ ಎದ್ದು, ಸೆರಗು ಸರಿಮಾಡಿಕೊಳ್ಳುತ್ತ ಓಡಿ ಅಗಳಿ ತೆಗೆದಳು. ಹೊರಗೆ ರಬಿಯಾ ಖಾಲಾ ನಿಂತಿದ್ದಳು. ತಲೆಯ ಮೇಲೆ ಸೆರಗಿಲ್ಲ, ಕಾಲಲ್ಲಿ ಚಪ್ಪಲಿಯಿಲ್ಲ, ಮುಖ ಬಿಳುಚಿಕೊಂಡಿತ್ತು. ಅವಳ ಹಿಂದೆ ಚಾಚಾ, ಅವನ ಹಿಂದೆ ಓಣಿಯ ನಾಲ್ಕೈದು ಜನ.

“ಏನಾತವ್ವಾ? ಇಷ್ಟೊತ್ತಾದ್ರೂ ನಿಮ್ಮ ಬಾಗಲಾ ತೆರದಿಲ್ಲ! ಎಮ್ಮಿ ಒದರಾಕತ್ತದ, ಒಳಗ ಒಬ್ಬರ ದನಿ ಇಲ್ಲ! ನನ್ನ ಜೀವಾ ಕೈಯಾಗ ಬಂದಿತ್ತು. ಎಲ್ಲಾರೂ ಅದೀರಿಲ್ಲೋ?”

ಅವ್ವ ಹಿಂತಿರುಗಿ ನಮ್ಮನ್ನೆಲ್ಲ ನೋಡಿದಳು. ಅಪ್ಪ ಕೈ ತಲೆಯಡಿ ಇಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದ. ಗೌರಿ ಅವನ ಹೊಟ್ಟೆಯ ಮೇಲೆ ಕಾಲು ಹಾಕಿ ಮಲಗಿದ್ದಳು. ಅವ್ವ ನಾಚಿಕೆಯಾದವಳ ಹಾಗೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಏನಿಲ್ಲ ಖಾಲಾ,” ಎಂದಳು. “ನಿದ್ದಿ ಹತ್ತಿತ್ತು.”